ರಾಕ್ಷಸನ ಜಾಗಕ್ಕೆ ಬಂದ ಕುಂಬಳಕಾಯಿ

ನನ್ನ ಗೆಳೆಯ ಯತೀಶ ಹೋದ ಶನಿವಾರ ರಾತ್ರಿ ತೀರಿಕೊಂಡ. ಮದ್ದೂರಿನ ಮನೆಯಲ್ಲಿ ಊಟ ಮಾಡಿ ಮಲಗಿದವನು ಏಳಲಿಲ್ಲ. ಅವತ್ತು ಮಧ್ಯಾಹ್ನವೆಲ್ಲ ಅವನು ನಮ್ಮೂರು ಹೊಳಲಿನಲ್ಲಿ, ನಮ್ಮ ಮನೆಯಲ್ಲಿದ್ದ. ಆ ಮಧ್ಯಾಹ್ನ ನೆನಪಾಗಿ ಸಾವಿನ ಮನೆಯಲ್ಲೇ ನನಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡೆ. ಅದನ್ನು ಇನ್ನೂ ಒಳಗೇ ಇಟ್ಟುಕೊಳ್ಳಲಾರೆ, ಬರೆದುಬಿಡುತ್ತೇನೆ.

ಮದ್ದೂರಿನಲ್ಲಿ ಅವನದು ಔಷಧಿ ಅಂಗಡಿ. ಶಟರ್ ಎಳೆದ ಮೇಲೆ ಮಾತ್ರ ಸಾಕ್ಷಾತ್ ಬ್ರಹ್ಮ! ಬೆರಳುದ್ದದ ಹೊಯ್ಸಳ ಸೈನಿಕರು, ಎದೆಯವರೆಗಷ್ಟೇ ಇರುವ ಮುಷ್ಟಿಗಾತ್ರದ ರಾಜರು, ಯಾವ ಲೋಕದಲ್ಲೂ ಇಲ್ಲದ ರಾಕ್ಷಸರು. ಬೂದು ಬಣ್ಣದ ಗೊಂಬೆಗಳನ್ನು ತರಿಸಿ, ಭೂತಗನ್ನಡಿಯ ಕೆಳಗೆ ಹಿಡಿದು, ನಾಲ್ಕೆಳೆ ಕೂದಲಿನ ಬ್ರಶ್ಶಿನಲ್ಲಿ ಅವಕ್ಕೆ ಜೀವ ಕೊಡುತ್ತಿದ್ದ. ಒಂದು ಮೂಗಿಗೆ ಒಂದು ವಾರ! ಈ ಸಲದ್ದು ಗೇಣುದ್ದದ, ಹಸಿರು ಚರ್ಮದ, ಕೋರೆಹಲ್ಲಿನ, ಒಂದು ಕೊಂಬು ಮುರಿದ ರಾಕ್ಷಸ. ಮೈಸೂರಿನ ಸ್ಪರ್ಧೆಗೆ ಶನಿವಾರ ಸಂಜೆ ಐದರೊಳಗೆ ತಲುಪಿಸಬೇಕಿತ್ತು.

"ಇಷ್ಟು ವರ್ಷ ಹೆಂಡ್ತಿ ಒಬ್ಳೇ ನೋಡಿರೋದು ಕಣ್ಲಾ ಶಿವರಾಮು. ಒಂದ್ಸಲ ನಾಲ್ಕ್ ಜನ ನೋಡ್ಲಿ" ಎಂದಿದ್ದ.

ಅಷ್ಟರಲ್ಲಿ ಅವನ ಮನೆಗೆ ಸುಣ್ಣ ಬಳಿಯುವವರು ಬಂದರು. ಗೊಂಬೆಯ ವಾರ್ನಿಶ್ ಇನ್ನೂ ಹಸಿ, ಒಂದು ಕಣ ಧೂಳು ಕೂತರೂ ಕೆಟ್ಟಿತು. ನಾನು ಎದೆ ತಟ್ಟಿದೆ: "ನನ್ನ ಮನೇಲಿಡು! ನೊಣ ಕೂತ್ರೂ ನಾನು ಮೇಷ್ಟ್ರೇ ಅಲ್ಲ!"

ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಹೆಂಡತಿ ಮಂಜುಶ್ರೀ ಬಾಗಿಲಲ್ಲೇ ತಡೆದಳು.

"ರೀ, ನಮ್ಮನೆ ಮೇಲೆ ಮಹಡಿ ಕಟ್ತಾವ್ರೆ. ದಿನಾ ಸಿಮೆಂಟು ಕಲಸ್ತಾವ್ರೆ. ಧೂಳಿಲ್ದಿರೋ ಮನೆ ಇದೇನಾ?"

ಮಹಾಪುರುಷರು ಇಂಥ ಸಣ್ಣ ವಿಷಯಗಳಿಗೆ ಕುಗ್ಗುವುದಿಲ್ಲ. ರಾಗಿ ಹಿಟ್ಟಿನ ಖಾಲಿ ಡಬ್ಬವನ್ನು ಒರೆಸಿ, ರಾಕ್ಷಸನನ್ನು ಒಳಗೆ ಕೂರಿಸಿ, ಮುಚ್ಚಳ ಹಾಕಿದೆ. ಅಭೇದ್ಯ ಕೋಟೆ!

ಶನಿವಾರ ಕಾಲೇಜು ಮುಗಿಸಿ ಬಂದು ಗೇಟು ತೆಗೆದವನು ಕತ್ತೆತ್ತಿ ನೋಡಿದೆ. ಹೊಸ ಮಹಡಿಯ ಕಂಬದ ತುದಿಯಲ್ಲಿ ಕರಿ ದಾರ, ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೇ ಚಪ್ಪಲಿ. ಅವುಗಳ ನಡುವೆ ಸಿಂಹಾಸನವೇರಿದಂತೆ ಯತೀಶನ ರಾಕ್ಷಸ!

"ಅವ್ವಾ! ಏನಿದು?"

ಅವ್ವ ಇಂದ್ರಮ್ಮ ಸೆರಗಿನಲ್ಲಿ ಕೈಯೊರೆಸಿಕೊಂಡು ಬಂದಳು. "ದೃಷ್ಟಿಬೊಂಬೆ ತಾ ಅಂತ ವಾರದಿಂದ ಬಡ್ಕತಿದ್ನಲ್ಲ. ತಂದೋನು ಏಳ್ಬಾರ್ದಾ? ಹಿಟ್ಟು ಸುರಿಯಾನ ಅಂತ ಡಬ್ಬ ತಗದ್ರೆ ಒಳಗೆ ಕುಂತವ್ನೆ! ಕರಿಯಯ್ಯನ ಕೈಲಿ ಕಟ್ಟುಸ್ದೆ. ಚಿಕ್ಕದಾದ್ರೂ ಕೋರೆ ಚೆನ್ನಾಗವೆ ಬುಡು."

"ಅದು ಕಲೆ ಅವ್ವ! ಸ್ಪರ್ಧೆಗೆ ಹೋಗ್ಬೇಕು! ಇಳಿಸು!"

"ಕಟ್ಟಿದ್ ಬೊಂಬೆ ಸುಮ್‌ಸುಮ್ನೆ ಇಳುಸ್ತಾರೇನ್ಲಾ? ಇಳುಸ್ಬೇಕಂದ್ರೆ ಅದಕ್ಕಿಂತ ಘೋರವಾದ್ದು ತಂದು ಕಟ್ಟು. ಅಲ್ಲೀಗಂಟ ನಾನ್ ಬುಡಾಕಿಲ್ಲ."

ಏಣಿಗೆ ಕೈ ಹಾಕಿದೆ. ಗಾರೆ ಕೆಲಸದ ಕರಿಯಯ್ಯ ಅದನ್ನು ಎಳೆದುಕೊಂಡು ದೂರ ನಿಂತ. "ಇಂದ್ರವ್ವ ಏಳ್ದೆ ಕೊಡಾಕಿಲ್ಲ ಮೇಷ್ಟ್ರೆ. ನಾಳೆ ಗೋಡೆ ಬಿರುಕ್ ಬುಟ್ರೆ ನನ್ನ ಕೇಳ್ತಾರೆ."

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರಿನ ಸದ್ದು. ಯತೀಶ! ಗೊಂಬೆ ತೆಗೆದುಕೊಂಡು ಹಾಗೇ ಮೈಸೂರಿಗೆ ಹೋಗಲು ಬಂದಿದ್ದಾನೆ. ಹೆಲ್ಮೆಟ್ ತೆಗೆದು ಮೇಲೆ ನೋಡಿದ. ಅವನ ಕೈಗೆ ಸಿಗದಷ್ಟು ದೂರಕ್ಕೆ ನಾನು ಸರಿದೆ.

ಹೊಲದಿಂದ ಬರುತ್ತಿದ್ದ ಹೆಂಗಸೊಬ್ಬರು ಬೀದಿಯಲ್ಲೇ ನಿಂತರು. "ಯಪ್ಪಾ! ನನ್ನೇ ಗುರಾಯಿಸ್ತದೆ ಕಣವ್ವಾ! ಯಾರವ್ವ ಇದ ಮಾಡ್ದೋರು?"

ಯತೀಶ ಕುಣಿದೇಬಿಟ್ಟ. "ನಾನು ಕಣಮ್ಮಾ, ನಾನೇ! ಲೇ ಶಿವರಾಮು, ಬಿಸ್ಲಲ್ಲಿ ಆ ಕೆನ್ನೆ ಮೂಳೆ ನೋಡ್ಲಾ! ನನ್ನ ಟೇಬಲ್ ಲೈಟಲ್ಲಿ ಒಂದಿನಾನೂ ಹಿಂಗೆ ಕಂಡಿರ್ಲಿಲ್ಲ!"

ಅವ್ವನ ಷರತ್ತು ಕೇಳಿ ಇನ್ನಷ್ಟು ಉಬ್ಬಿದ. "ಅಷ್ಟೇನಾ ಅವ್ವ? ಒಂದು ಬೂದಗುಂಬಳಕಾಯಿ ಕೊಡಿ."

ಕುಂಬಳಕಾಯಿಗೆ ದೃಷ್ಟಿ ಮುಖ ಬರೆಯುವುದು ಊರಿನ ಯಾರಿಗಾದರೂ ಐದು ನಿಮಿಷದ ಕೆಲಸ. ಇವನು ಸ್ಕೂಟರಿನ ಡಿಕ್ಕಿಯಿಂದ ಬಣ್ಣದ ಪೆಟ್ಟಿಗೆ ತೆಗೆದ. ಮೊದಲು ತಳಬಣ್ಣ. ಅದು ಒಣಗಿದ ಮೇಲೆ ನೆರಳು. ಆಮೇಲೆ ನೆರಳಿನ ನೆರಳು! ಮಂಜುಶ್ರೀ ತಲೆಕೂದಲು ಒಣಗಿಸುವ ಯಂತ್ರ ಹಿಡಿದು ನಿಂತಳು, ನಾನು ಬೀಸಣಿಗೆ ಬೀಸಿದೆ.

"ಐದಕ್ಕೆ ಬಾಗಿಲು ಹಾಕ್ತಾರಲ್ಲೋ! ಇದು ಕುಂಬಳಕಾಯಿ ಕಣೋ, ಕೊಳೆಯೋ ವಸ್ತು!" ಎಂದು ಕೂಗಾಡಿದೆ.

"ಹಾಂ, ಇನ್ನೊಂದ್ಸಲ ಕೂಗಾಡು."

"ಏನ್ ಕೂಗಾಡೋದು? ನಿನಗೆ ಬುದ್ಧಿ ಇದೆಯಾ?"

"ಹಂಗೇ! ಹಂಗೇ ಇರು! ಬಾಯಿ ಮುಚ್ಬೇಡ."

ಆಗಲೂ ನನಗೆ ಹೊಳೆಯಲಿಲ್ಲ. ಎಂ.ಎ. ಓದಿದ ತಲೆ!

ಕೊನೆಗೆ ಕಾಯಿಯನ್ನು ನಮ್ಮತ್ತ ತಿರುಗಿಸಿದ. ಅರಳಿದ ಮೂಗಿನ ಹೊಳ್ಳೆ, ಗಂಟಿಕ್ಕಿದ ಹುಬ್ಬು, ಜಾರಿದ ಕನ್ನಡಕ, ಕಿರುನಾಲಿಗೆ ಕಾಣುವಷ್ಟು ತೆರೆದ ಬಾಯಿ. ನಾನು! ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲದ ನಾನು!

ಅವ್ವ ಕುಂಬಳಕಾಯಿ ನೋಡಿದಳು. ನನ್ನನ್ನು ನೋಡಿದಳು. ಮೇಲಿದ್ದ ರಾಕ್ಷಸನನ್ನೂ ನೋಡಿ ತೂಗಿದಳು.

"ಇದು ಆಯ್ತದೆ. ಆ ಪಾಪದ್ದನ್ನ ಇಳ್ಸ್ಕೊ ಕರಿಯಯ್ಯ."

"ಊರೋರು ಹೆದ್ರುಕೊಂತಾರೆ ಅತ್ತೆ, ನನಗೆ ಅಭ್ಯಾಸ ಆಗೋಗದೆ" ಎಂದಳು ಮಂಜುಶ್ರೀ.

ರಾಕ್ಷಸನ ಭುಜಕ್ಕೆ ಸಿಮೆಂಟು ಮೆತ್ತಿತ್ತು. ನನ್ನ ಜೀವ ಹೋಯಿತು. ಯತೀಶ ಊದಲೂ ಇಲ್ಲ. "ಇರ್ಲಿ ಬುಡ್ಲಾ, ಯುದ್ಧಕ್ಕೆ ಹೋಗ್ಬಂದವ್ನೆ" ಎಂದು ಪೆಟ್ಟಿಗೆಗೆ ಹಾಕಿಕೊಂಡ. ಹೊತ್ತಿಗೆ ಸರಿಯಾಗಿ ಮೈಸೂರು ಮುಟ್ಟಿದನಂತೆ. ರಾಕ್ಷಸನ ಮುಂದೆ ಜನ ನಿಂತು ನೋಡಿದ್ದನ್ನು ಆ ರಾತ್ರಿ ಊಟ ಬಡಿಸುವಾಗ ಎರಡೆರಡು ಸಲ ಹೇಳಿದನಂತೆ. ಅವನ ಹೆಂಡತಿ ನಾಗಶ್ರೀ ನನ್ನ ಕೈ ಹಿಡಿದುಕೊಂಡು ಹೇಳಿದರು.

ಅವತ್ತು ಹೊರಡುವಾಗ, ನಮ್ಮ ಗೇಟಿನಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿದವನು ಮತ್ತೆ ಆಫ್ ಮಾಡಿದ. ಕಂಬದ ತುದಿಯಲ್ಲಿ ತೂಗುತ್ತಿದ್ದ ನನ್ನ ಮುಖವನ್ನು ದಿಟ್ಟಿಸಿದ.

"ಕಣ್ಣು ಸತ್ತಂಗದೆ ಕಣ್ಲಾ. ಬುಟ್ಟೋಗಾಕೆ ಮನಸಿಲ್ಲ."

"ಹೊತ್ತಾಯ್ತು, ಹೋಗೋ ಮಾರಾಯ!"

ಕೇಳಲಿಲ್ಲ. ಏಣಿ ಹತ್ತಿ, ಎರಡು ಕಣ್ಣಿಗೂ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇಟ್ಟ. ಇಳಿದು ಬಂದ. ಒರೆಸಲು ಬಟ್ಟೆಗಾಗಿ ಅತ್ತಿತ್ತ ನೋಡಿ, ಬ್ರಶ್ಶನ್ನು ನನ್ನ ಅಂಗಿಯ ತೋಳಿಗೆ ಒರೆಸಿ, ಹೋದ.