ಸಮಾನ ಮೀನುಗಾರಿಕೆ ಕಾಯಿದೆ ಮತ್ತು ಕೈತೀರನ ದೋಣಿ

ಒಂಬತ್ತು ದ್ವೀಪರಾಷ್ಟ್ರಗಳು ಸೇರಿ ಅಂಗೀಕರಿಸಿದ ಸಮಾನ ಮೀನುಗಾರಿಕೆ ಕಾಯಿದೆಯನ್ವಯ ನಮ್ಮ ಸಮುದ್ರದಲ್ಲಿ ಮೊದಲ ಅಕ್ರಮ ನೌಕೆ ಪತ್ತೆಯಾದದ್ದು ಕಳೆದ ಮಾರ್ಚ್ ತಿಂಗಳ ಎರಡನೇ ಮಂಗಳವಾರ. ನೌಕೆಯ ಉದ್ದ ಹನ್ನೊಂದು ಅಡಿ. ಸಿಬ್ಬಂದಿ ಒಬ್ಬ. ಹೆಸರು ಕೈತೀರ.

ಪತ್ತೆ ಮಾಡಿದವರು ನಮ್ಮ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾದ ಇಯೊತೇಬಾ ಅವರು. ಗುಮಾಸ್ತನಾದ ನಾನು ಕಡತ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಿಜ ಹೇಳಬೇಕೆಂದರೆ ನಾವು ಹೊರಟದ್ದು ಬೇರೊಂದನ್ನು ಹಿಡಿಯಲಿಕ್ಕೆ. ಯಾವುದೋ ದೂರದೇಶದ ನೂರ ತೊಂಬತ್ತು ಅಡಿಯ ಟ್ಯೂನಾ ಹಡಗು ಮೂರು ವಾರದಿಂದ ದಡಕ್ಕೆ ಹದಿನೈದು ಮೈಲಿ ದೂರದಲ್ಲಿ ಬಲೆ ಎಳೆಯುತ್ತಿತ್ತು. ಕಚೇರಿಯ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಗಸ್ತು ದೋಣಿಗೆ ಮಂಜೂರಾಗುವ ಡೀಸೆಲ್ ಏಳು ಮೈಲಿ ಹೋಗಿ ಬರಲು ಮಾತ್ರ ಸಾಕು. ಏಳನೇ ಮೈಲಿಯಲ್ಲಿ ಕೈತೀರ ಗಾಳ ಬಿಟ್ಟುಕೊಂಡು ಕೂತಿದ್ದ.

ಪರವಾನಗಿ ಕೇಳಲಾಯಿತು, ಇರಲಿಲ್ಲ. ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರ ಕೇಳಲಾಯಿತು, ಅದೂ ಇರಲಿಲ್ಲ. ಸರ್ಕಾರಿ ವೀಕ್ಷಕ ಎಲ್ಲಿ ಎಂದು ಕೇಳಿದಾಗ ಕೈತೀರ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ.

"ಸ್ವಾಮಿ, ಇಲ್ಲಿ ನಾನು ಕಾಲು ಮಡಚಿಕೊಂಡು ಕೂತಿದೀನಿ. ಅವನನ್ನ ಎಲ್ಲಿ ಕೂರಿಸ್ಲಿ?"

"ಕಾನೂನಿಗೆ ದೊಡ್ಡವರು ಚಿಕ್ಕವರು ಅಂತ ಭೇದ ಇಲ್ಲಪ್ಪ."

"ಆ ದೊಡ್ಡ ಹಡಗು ನಿಮ್ಮ ಪರದೆ ಮೇಲೇ ಇದೆಯಂತಲ್ಲ?"

"ಅದು ಪರದೆ ಮೇಲಿದೆ," ಎಂದರು ನಿರ್ದೇಶಕರು. "ನೀನು ಕೈಗೆ ಸಿಕ್ಕಿದೀಯ."

ಕೈತೀರ ಜಗಳಗಂಟನಲ್ಲ. ಮನೆಯಲ್ಲಿ ಹೆಂಡತಿ ತರೇಮಾ, ಮೂವರು ಹೆಣ್ಣುಮಕ್ಕಳು, ಮೀನಿಲ್ಲದೆ ತುತ್ತು ಎತ್ತದ ಅತ್ತೆ. ಕಾನೂನು ಪಾಲಿಸಿಬಿಟ್ಟರೆ ತೀರಿತು ಎಂದುಕೊಂಡು ಮಾರನೆಯ ದಿನವೇ ಬಂದು ಅರ್ಜಿ ಕೊಟ್ಟ. ಆರು ವಾರಗಳಲ್ಲಿ ಪರವಾನಗಿ ಬಂತು. ದೋಣಿಯ ಮೂತಿಗೆ ಯಂತ್ರವನ್ನೂ ಅದರ ಬ್ಯಾಟರಿಯನ್ನೂ ಕಟ್ಟಲಾಯಿತು. ವೀಕ್ಷಕರಾಗಿ ತೆಮಕಾವು ಎಂಬವರು ನೇಮಕಗೊಂಡರು. ಸಜ್ಜನರು, ನೂರಾ ಹತ್ತು ಕಿಲೋ.

ಅವರು ಹತ್ತಿ ಕೂತ ಮೇಲೆ ಕೈತೀರ ಒಂದು ಕಾಲಿಟ್ಟ. ದೋಣಿ ಮುಳುಗಿತು. ಎತ್ತಿ, ನೀರು ಚೆಲ್ಲಿ, ಮತ್ತೆ ಪ್ರಯತ್ನಿಸಲಾಯಿತು. ಮತ್ತೆ ಮುಳುಗಿತು. ನಿರ್ದೇಶಕರು ಕಾಯಿದೆ ತೆಗೆಸಿ ಓದಿದರು. ವೀಕ್ಷಕನಿಲ್ಲದೆ ದೋಣಿ ಹೊರಡಕೂಡದು ಎಂದಿತ್ತು. ಮೀನುಗಾರನಿಲ್ಲದೆ ಹೊರಡಕೂಡದು ಎಂದು ಎಲ್ಲಿಯೂ ಇರಲಿಲ್ಲ.

ಹಾಗಾಗಿ ತೆಮಕಾವು ಒಬ್ಬರೇ ಹೋಗತೊಡಗಿದರು. ವೀಕ್ಷಕರು ಗಾಳ ಮುಟ್ಟುವುದು ಅಪರಾಧವಾದ್ದರಿಂದ ಮುಟ್ಟಲಿಲ್ಲ. ದಿನವೂ ಮಧ್ಯಾಹ್ನ ಮರಳಿ ವರದಿ ಬರೆಯುತ್ತಿದ್ದರು: ಮೀನು ಇಲ್ಲ, ಉಲ್ಲಂಘನೆ ಇಲ್ಲ. ಕೈತೀರ ಸೊಂಟಮಟ್ಟ ನೀರಿನಲ್ಲಿ ನಿಂತು ತನ್ನ ದೋಣಿಯನ್ನು ನೋಡುತ್ತಿದ್ದ. ಒಂದು ವರ್ಷ ಕೂತು ಕೈಯಾರೆ ಕೆತ್ತಿದ ದೋಣಿ ಅದು. ತೆಮಕಾವು ಹುಟ್ಟನ್ನು ತಲೆಕೆಳಗಾಗಿ ಹಿಡಿದಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಎರಡನೇ ವಾರದಲ್ಲಿ ತರೇಮಾ ಕಚೇರಿಗೆ ಬಂದಳು. ಹದಿಮೂರು ದಿನದಿಂದ ಮನೆಯಲ್ಲಿ ಬರೀ ದೀವಿಹಲಸು, ಮಕ್ಕಳು ಬೆಳಿಗ್ಗೆ ಎದ್ದರೆ ಅದರ ಮುಖ ನೋಡುವುದಿಲ್ಲ ಎಂದಳು. ನಿರ್ದೇಶಕರು ಸಹಾನುಭೂತಿ ವ್ಯಕ್ತಪಡಿಸಿ, ಇಲಾಖೆಯ ದಾಖಲೆಯಲ್ಲಿ ಅವಳ ಗಂಡನಷ್ಟು ಶುದ್ಧ ಮೀನುಗಾರ ಇನ್ನೊಬ್ಬನಿಲ್ಲ ಎಂದು ತಿಳಿಸಿದರು.

"ಶುದ್ಧವಾಗೇ ಇದಾನೆ," ಎಂದಳು ತರೇಮಾ. "ಪಾತ್ರೆನೂ ಹಾಗೇ ಇದೆ. ತೊಳೆಯೋ ಕೆಲಸವೇ ಇಲ್ಲ."

ಜೂನ್ ಒಂಬತ್ತರಂದು ತೆಮಕಾವು ಮಧ್ಯಾಹ್ನಕ್ಕೆ ಮರಳಲಿಲ್ಲ. ಪರದೆಯ ಮೇಲೆ ನೋಡಿದರೆ ಕೈತೀರನ ಹಸಿರು ಚುಕ್ಕೆ ಸೆಳವಿಗೆ ಸಿಕ್ಕಿ ಹೊರಗೆ ಹೊರಗೆ ತೇಲುತ್ತಿತ್ತು. ನಾವು ಏಳನೇ ಮೈಲಿಯವರೆಗೆ ಹೋಗಿ ಕೈ ಬೀಸಿ ಬಂದೆವು. ಸಂಜೆಯ ಹೊತ್ತಿಗೆ ಹಸಿರು ಚುಕ್ಕೆ ಕೆಂಪು ಚುಕ್ಕೆಯೊಳಗೆ ಸೇರಿಕೊಂಡಿತು.

ಹಡಗಿನವರು ಅವರನ್ನು ದೋಣಿ ಸಮೇತ ಮೇಲೆತ್ತಿದ್ದರು. ನೀನು ಯಾರು ಎಂದು ಕೇಳಿದ್ದಕ್ಕೆ ಸರ್ಕಾರಿ ವೀಕ್ಷಕ ಎಂದರಂತೆ. ಹಡಗಿನಲ್ಲಿ ವೀಕ್ಷಕರ ಕೋಣೆ ಎರಡು ವರ್ಷದಿಂದ ಖಾಲಿ ಇತ್ತು. ಹಾಸಿಗೆ, ಫ್ಯಾನು, ಮೂರು ಹೊತ್ತು ಊಟ. ತೆಮಕಾವು ರೇಡಿಯೊದಲ್ಲಿ ತಮ್ಮ ವರದಿ ಕಳಿಸಿದರು: ಮೀನು ಬಹಳ, ಉಲ್ಲಂಘನೆ ಇಲ್ಲ.

ನಿರ್ದೇಶಕರು ಆ ದಿನ ಮನೆಗೇ ಹೋಗಲಿಲ್ಲ. ಮರುದಿನ ಪ್ರಕಟಣೆ ಹೊರಬಿತ್ತು. ಕಾಯಿದೆಯ ಹದಿನಾಲ್ಕನೇ ವಿಧಿಯ ಪ್ರಕಾರ ಎರಡು ನೌಕೆಗಳಿಗೆ ಒಬ್ಬನೇ ವೀಕ್ಷಕನಿದ್ದಲ್ಲಿ ಅವನ್ನು ಒಂದೇ ನೌಕೆಯೆಂದು ಪರಿಗಣಿಸತಕ್ಕದ್ದು. ಪರವಾನಗಿ ಇರುವ ನೌಕೆಯೇ ಮುಖ್ಯ ನೌಕೆ. ಆದ್ದರಿಂದ ಸದರಿ ಹಡಗು ಕೈತೀರನ ದೋಣಿಯ ಹೆಚ್ಚುವರಿ ಭಾಗವಾಗಿರುತ್ತದೆ. ಅಕ್ರಮ ಸಕ್ರಮವಾಯಿತು. ಕೆಂಪು ಚುಕ್ಕೆ ಹಸಿರಾಯಿತು.

ಕೈತೀರ ಬಂದು ದೋಣಿ ವಾಪಸ್ ಕೊಡಿಸಿ ಎಂದ. ಹಡಗು ಬೇಡ, ದೋಣಿ ಸಾಕು ಎಂದ.

"ದೋಣಿ ಇಳಿಸಿದ ತಕ್ಷಣ ಹಡಗು ಅಕ್ರಮ ಆಗುತ್ತೆ," ಎಂದರು ನಿರ್ದೇಶಕರು, ಬಹಳ ಮೃದುವಾಗಿ. "ಆಮೇಲೆ ನಾನು ಯಾರನ್ನ ಹಿಡೀಬೇಕು, ನೀನೇ ಹೇಳು."

ಕೈತೀರ ಪರದೆಯ ಮುಂದೆ ಬಂದು ನಿಂತ. ಆಮೇಲೆ ತನ್ನ ದೋಣಿ ಇದರಲ್ಲಿ ಯಾವ ಕಡೆ ಇದೆ ಎಂದು ನನ್ನನ್ನು ಕೇಳಿದ. ನಾನು ಚುಕ್ಕೆಯ ಎಡತುದಿಯನ್ನು ತೋರಿಸಿದೆ. ಅವನು ಅಲ್ಲಿಗೆ ಬೆರಳಿಟ್ಟು ನೋಡಿ ಹೊರಟುಹೋದ.

ವರ್ಷಾಂತ್ಯಕ್ಕೆ ಕೈತೀರ ಎರಡು ಸಾವಿರದ ಮುನ್ನೂರು ಟನ್ ಟ್ಯೂನಾ ಹಿಡಿದಿದ್ದ. ಒಂಬತ್ತೂ ರಾಷ್ಟ್ರಗಳ ಪ್ರತಿನಿಧಿಗಳು ಬಂದು ಸಭಾಭವನದ ಚಾಪೆಯ ಮೇಲೆ ಕೂತು ಅವನನ್ನು ವರ್ಷದ ಮೀನುಗಾರನೆಂದು ಘೋಷಿಸಿದರು, ಹೂವಿನ ಕಿರೀಟ ಇಟ್ಟರು. ಏನಾದರೂ ಹೇಳು ಎಂದಾಗ ಅವನು, ತಾನು ಏನೂ ಮಾಡಲಿಲ್ಲ ಎಂದ. ವಿನಯ ಎಂದರೆ ಇದು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ತರೇಮಾ ಅವನನ್ನು ಅಂಗಡಿಗೆ ಓಡಿಸಿದಳು. ಡಬ್ಬಿ ಮೀನು ಬಂದಿದೆ, ಬೇಗ ಹೋಗದಿದ್ದರೆ ಮುಗಿದುಹೋಗುತ್ತದೆ ಎಂದಳು. ಅಂಗಡಿಯ ಮುಂದೆ ನಲವತ್ತು ಜನರ ಸಾಲು. ಕೈತೀರ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೊನೆಗೆ ನಿಂತ. ಜನ ಅವನನ್ನು ಗುರುತಿಸಿದರು. ಅಷ್ಟು ದೊಡ್ಡ ಮೀನುಗಾರ ಸಾಲಿನಲ್ಲಿ ನಿಲ್ಲಬಾರದು ಎಂದು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ನನ್ನ ಸರದಿ ಹತ್ತಿರವಾಗಿತ್ತು. ಆದರೂ ನಾನೂ ಪಕ್ಕಕ್ಕೆ ಸರಿದೆ.