ತಾತನ ಚಿನ್ನದ ಕಲ್ಲು

ಕೋಲಾರದವನೆಂದು ಹೇಳಿಕೊಂಡರೆ ಸಾಕು, ಎದುರಿಗಿದ್ದವರ ಕಣ್ಣು ಮೊದಲು ನನ್ನ ಕೈಬೆರಳಿಗೆ ಹೋಗುತ್ತದೆ, ಉಂಗುರವಿದೆಯೇ ಎಂದು. ಇಲ್ಲ. ಮದುವೆಯಲ್ಲಿ ಮಾವ ಹಾಕಿದ್ದು ಒಂದಿತ್ತು. ಬೆರಳು ದಪ್ಪವಾದ ಮೇಲೆ ಅದು ಬೀರು ಸೇರಿತು. ಆದರೂ "ನಿಮ್ಮೂರಿನ ಮಣ್ಣೆಲ್ಲ ಚಿನ್ನವಂತೆ!" ಎಂದು ಯಾರಾದರೂ ಬಾಯಿಬಿಟ್ಟರೆ ಅಲ್ಲವೆನ್ನಲು ನನಗೆ ಮನಸ್ಸೇ ಬರುವುದಿಲ್ಲ. ಸುಮ್ಮನೆ ಮುಗುಳ್ನಗುತ್ತೇನೆ. ಮುಗುಳ್ನಕ್ಕರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರಾಗಿ ವರ್ಷ ವರ್ಷವೂ ಚಿನ್ನದ ಗಣಿಯ ಬಗ್ಗೆ ಹೇಳಿದ್ದೇನೆ. ಬೆಂಗಳೂರಿಗಿಂತ ಮೊದಲೇ ಅಲ್ಲಿ ವಿದ್ಯುದ್ದೀಪ ಉರಿದದ್ದನ್ನು, ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಜನ ಇಳಿದದ್ದನ್ನು, ಈಗ ತಾನೇ ಮೇಲೆ ಬಂದವನಂತೆ ಬೆವರೊರೆಸಿಕೊಳ್ಳುತ್ತಾ ವರ್ಣಿಸಿದ್ದೇನೆ. ಆದರೆ ಗಣಿಯ ಊರನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಮನೆಯಿಂದ ಬಸ್ಸಿನಲ್ಲಿ ಗಂಟೆಯ ದಾರಿ. ಇಷ್ಟು ಹತ್ತಿರವಿರುವುದನ್ನು ನಾಳೆ ನೋಡಿದರಾಯಿತು ಎನ್ನುತ್ತಾ ಕೂತೆ, ಗಣಿಯೇ ಮುಚ್ಚಿಹೋಯಿತು.

ನಮ್ಮ ಮೂಲ ಹುತ್ತೂರಿನ ಕಡೆ. "ನಿಮ್ಮ ತಾತ ಪ್ರತಿ ವಾರ ಗಣಿಗೆ ಹೋಗ್ತಿದ್ರು ಕಣೋ" ಎಂದು ನಮ್ಮಪ್ಪ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿಯಾಗಿ ನಮ್ಮ ದೇವರ ಗೂಡಿನಲ್ಲಿ ಮುಷ್ಟಿಗಾತ್ರದ ಬಿಳಿ ಕಲ್ಲೊಂದಿದೆ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿನುಗುತ್ತದೆ. ಒಂದು ಪಕ್ಕದಲ್ಲಿ ಉಳಿಯಿಂದ ಹೊಡೆದ ಎರಡು ಗೀಟು. ಅದು ಗಣಿ ಕಂಪನಿಯ ಗುರುತು ಎಂದು ಅಪ್ಪ. ಒಂದು ಮೂಲೆ ಮುರಿದಿದೆ. ಚಿನ್ನ ಎಷ್ಟಿದೆಯೆಂದು ಪರೀಕ್ಷೆ ಮಾಡಲು ಇಂಗ್ಲಿಷ್ ದೊರೆಗಳೇ ಮುರಿದದ್ದು ಎಂದು ಸೋದರತ್ತೆ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಳಶದ ಪಕ್ಕ ಅದಕ್ಕೂ ಅರಿಶಿನ ಕುಂಕುಮ, ಒಂದು ಎಳೆ ಹೂವು. ವಾರಕ್ಕೆ ಒಂದೇ ದಿನ ಕೆಲಸಕ್ಕೆ ಹೋಗುವ ಗಣಿ ಕಾರ್ಮಿಕ ಯಾವ ದೇಶದಲ್ಲಿದ್ದಾನೆ ಎಂದು ಇಷ್ಟು ಓದಿದ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಮಗಳಿಗೆ ಹಾವೇರಿಯ ಕಡೆಯ ಸಂಬಂಧ ಕೂಡಿಬಂದಾಗ ಈ ಕಲ್ಲು ನನ್ನ ಕೈ ಹಿಡಿಯಿತು. ಬೀಗರು ಬಸವರಾಜಪ್ಪನವರು ತಮ್ಮ ಹೊಲ, ಟ್ರ್ಯಾಕ್ಟರು, ಏಲಕ್ಕಿ ಹಾರದ ವಿಚಾರವನ್ನೆಲ್ಲ ಹೇಳಿ ಮುಗಿಸಿದಾಗ ನಮ್ಮ ಕಡೆಯಿಂದಲೂ ಏನಾದರೂ ಇರಲಿ ಎಂದು, "ನಮ್ಮ ತಾತ ಚಿನ್ನದ ಗಣಿಯಲ್ಲಿದ್ದವರು" ಎಂದು ಕಲ್ಲನ್ನು ತೋರಿಸಿಬಿಟ್ಟೆ. ಅವರು ಬಾಯಿ ತೆರೆದು ಕೇಳತೊಡಗಿದರು. ಅಂಥ ಶ್ರೋತೃ ಸಿಕ್ಕಿದ ಮೇಲೆ ನಿಲ್ಲಿಸುವುದಾದರೂ ಹೇಗೆ? ಅರ್ಧ ಗಂಟೆಯಲ್ಲಿ ತಾತನ ತಲೆಗೆ ದೀಪದ ಟೋಪಿ ಬಂತು, ಬಂಡೆ ಸಿಡಿದು ಸುರಂಗ ಕುಸಿದಾಗ ಇಬ್ಬರನ್ನು ಹೆಗಲ ಮೇಲೆ ಹೊತ್ತು ತಂದೂಬಿಟ್ಟರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಸರೋಜಾ ನನ್ನನ್ನೊಮ್ಮೆ ನೋಡಿ ಕಾಫಿ ತರಲು ಒಳಗೆ ಹೋದಳು.

ಈ ವರ್ಷ ಬೀಗರೂ ಬೀಗಿತ್ತಿಯೂ ನಮ್ಮ ಮನೆಗೆ ಬಂದರು. ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಬೀಗರು, "ಕುರುಡುಮಲಿ ಗಣಪ್ಪನ್ನ ಸಂಜೀಗೆ ನೋಡೂಣ್ರಿ. ಮೊದ್ಲ ನಿಮ್ಮ ಬಂಗಾರದ ಗಣಿ. ಆ ಕಲ್ಲೂ ತಗೊಳ್ರಿ, ತಿಳದವ್ರು ಸಿಕ್ರ ಎಷ್ಟ ಬಂಗಾರ ಐತಿ ಕೇಳೂಣು" ಎಂದರು. ನಾನು ಬೇಡದಿದ್ದರೂ ಇನ್ನೊಂದು ಇಡ್ಲಿ ಹಾಕಿಸಿಕೊಂಡೆ. ಸರೋಜಾ ಕಲ್ಲನ್ನು ಕೆಂಪು ರವಿಕೆ ಕಣದಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಜೋಪಾನ ರೀ" ಎಂದಳು. ಜೋಪಾನ ಮಾಡಬೇಕಾದದ್ದು ಕಲ್ಲನ್ನೋ ನನ್ನ ನಾಲಿಗೆಯನ್ನೋ ಹೇಳಲಿಲ್ಲ. ನನಗಿದ್ದ ಭಯ ಒಂದೇ. ಅಲ್ಲಿ ಯಾರಾದರೂ ನಿಜವಾದ ಗಣಿಯವರು ಸಿಕ್ಕಿ ನಾಲ್ಕು ಪ್ರಶ್ನೆ ಕೇಳಿದರೆ ಬೀಗರ ಮುಂದೆ ನನ್ನ ಮರ್ಯಾದೆ ಮೂರು ಕಾಸಾಗುತ್ತಿತ್ತು.

ನಾವು ನಾಲ್ವರೂ ಗಣಿಯ ಊರಿಗೆ ಹೋದರೆ ನಾನು ಪಾಠ ಮಾಡಿದ ಯಾವುದೂ ಕಾಣಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಗೋಪುರ, ಅದರ ತಲೆಯ ಮೇಲೆ ತಿರುಗದ ಚಕ್ರ, ಕೆಳಗೆ ಬೀಗ ಹಾಕಿದ ಗೇಟು. "ಒಳಗೆ ಬಿಡಲ್ಲ ಸಾರ್. ಇಲ್ಲಿಂದಾನೇ ನೋಡ್ಕೊಂಡ್ ಹೋಗಿ" ಎಂದ ಕಾವಲಿನವನು. ಆಚೆ ಚಿನ್ನ ತೆಗೆದು ಸುರಿದ ಮಣ್ಣಿನ ಬೋಳು ಗುಡ್ಡಗಳು. ಬೀಗಿತ್ತಿ ಅಲ್ಲಿದ್ದ ಮೇಕೆಯ ಜೊತೆ ಫೋಟೋ ತೆಗೆಸಿಕೊಂಡರು. ದೊರೆಗಳ ಬಂಗಲೆಗಳ ದೊಡ್ಡ ಕಿಟಕಿಗಳನ್ನೂ, ಅದರಾಚೆ ಕಾರ್ಮಿಕರ ಲೈನ್ ಮನೆಗಳನ್ನೂ ನೋಡಿ ಬೀಗರು, "ಇಷ್ಟ ಸಣ್ಣ ಮನ್ಯಾಗ ಹೆಂಗ ಇದ್ರರೀ ನಿಮ್ಮ ಅಜ್ಜಾರು?" ಎಂದರು. ನಾನು ಮುಗುಳ್ನಕ್ಕೆ.

ಲೈನ್ ಮನೆಗಳ ತುದಿಯಲ್ಲಿ ಮುನಿಯಮ್ಮ ಎಂಬ ಎಂಬತ್ತು ದಾಟಿದ ಅಜ್ಜಿಯ ವಡೆ ಅಂಗಡಿಯಿತ್ತು. ಗಂಡ ನೆಲದಡಿಗೆ ಇಳಿಯುತ್ತಿದ್ದವರಂತೆ. "ಸೈರನ್ ಹೊತ್ತಲ್ಲದ ಹೊತ್ತಲ್ಲಿ ಕೂಗಿದ್ರೆ ಲೈನೆಲ್ಲಾ ಗೇಟಿಗೆ ಓಡ್ತಿದ್ವಿ. ಯಾರ ಮನೆಯೋರು ಬರಲ್ಲ ಅಂತ ಗೊತ್ತಾಗೋವರೆಗೂ ಯಾರೂ ಅಳ್ತಿರಲಿಲ್ಲ" ಎಂದಳು, ವಡೆ ತಿರುವಿ ಹಾಕುತ್ತಾ. ಅದನ್ನು ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ತಾತನ ಹೆಗಲಿನ ಮೇಲಿದ್ದ ಆ ಇಬ್ಬರನ್ನು ಸದ್ದಿಲ್ಲದೆ ಕೆಳಗಿಳಿಸಬೇಕೆನಿಸಿತು. ಅಷ್ಟರಲ್ಲಿ ಬೀಗರು ರವಿಕೆ ಕಣ ಬಿಚ್ಚಿ ಕಲ್ಲನ್ನು ಅವಳ ಮುಂದಿಟ್ಟಾಗಿತ್ತು.

ಅಜ್ಜಿ ಕಲ್ಲನ್ನು ಕೈಗೆತ್ತಿಕೊಂಡಳು. ಗೀಟುಗಳ ಮೇಲೆ ಬೆರಳಾಡಿಸಿದಳು. ಮುರಿದ ಮೂಲೆ ನೋಡಿದ್ದೇ ತಡ, "ಅಯ್ಯೋ ನಾಯನಾ, ಇದು ಹುತ್ತೂರು ತಾತನ ತೂಕದ ಕಲ್ಲು!" ಎಂದು ಕೂಗಿದಳು. "ವಾರವಾರ ಕೂಲಿ ಬಟವಾಡೆ ದಿನ ಗಾಡೀಲಿ ತರಕಾರಿ ತಂದು ಮಾರ್ತಿದ್ದ. ಎರಡು ಗೀಟು ಅಂದ್ರೆ ಎರಡು ಸೇರು. ಯಾವತ್ತೂ ಎರಡು ಸೇರು ತೂಗಿಲ್ಲ ಇದು! ನಮ್ಮಮ್ಮ ಒಂದ್ಸಲ ರೇಗಿ ಇದನ್ನೇ ತಗೊಂಡು ಗಾಡಿ ಚಕ್ರಕ್ಕೆ ಬೀಸಿ ಒಗೆದ್ಲು. ಅವತ್ತೇ ಈ ಮೂಲೆ ಹೋಗಿದ್ದು."

ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ. ಆ ಊರಿನ ಭೂಮಿಗೆ ಅದೇನು ಹೊಸದಲ್ಲ. ಆದರೆ ಅವತ್ತು ಬಿಡಲಿಲ್ಲ. ಬೀಗರು ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಬೆಂಚು ಅಲುಗುವಂತೆ ನಕ್ಕರು. "ಬೀಗರ, ಗಣ್ಯಾಗ ಇಳದವ್ರು ಸಾವಿರಾರು ಮಂದಿ. ಆ ಗಣಿಯವ್ರಿಗೇ ತೂಕದಾಗ ಟೋಪಿ ಹಾಕಿದವ್ರು ನಿಮ್ಮ ಅಜ್ಜಾರೊಬ್ರ!"

"ಹಂಗನ್ಬೇಡಿ ಸಾರ್" ಎಂದು ಅಜ್ಜಿ ಅಡ್ಡ ಬಂದಳು. "ತೂಕ ಕಮ್ಮಿ, ನಿಜ. ಆದ್ರೆ ತೂಕದ ಮೇಲೆ ಕೊಸರು ಕೇಳೋಕೆ ಮುಂಚೇನೇ ಹಾಕ್ತಿದ್ದ. ಒಂದು ಹಿಡಿ ಹುರುಳಿಕಾಯಿ, ಎರಡು ಮೆಣಸಿನಕಾಯಿ, ಮಕ್ಕಳ ಕೈಗೊಂದು ಸೀಬೆಕಾಯಿ. ಸೇರಿಸಿ ನೋಡಿದ್ರೆ ಎರಡು ಸೇರಿನ ಮೇಲೇ ಆಗ್ತಿತ್ತು. ಕಲ್ಲು ಸರಿ ಮಾಡ್ಸು ಅಂದ್ರೆ, ಸರಿಯಾಗಿ ತೂಗಿದ್ರೆ ನೀವ್ಯಾರೂ ನನ್ನ ಹೊಗಳಲ್ಲಮ್ಮ ಅಂತಿದ್ದ." ಹಾಗೆಂದು ನನ್ನ ಎಲೆಗೆ ಇನ್ನೊಂದು ವಡೆ ಹಾಕಿದಳು. "ತಗೋ, ಕೊಸರು."

ಕಲ್ಲು ಈಗಲೂ ದೇವರ ಗೂಡಿನಲ್ಲೇ ಇದೆ. "ಮನೆ ಮಂದಿಗೆಲ್ಲ ಅನ್ನ ಹಾಕಿದ್ದು ಅದೇ ತಾನೇ, ಚಿನ್ನವಾದರೇನು ಬಿಟ್ಟರೇನು" ಎಂದು ಸರೋಜಾ ಶುಕ್ರವಾರ ಅದಕ್ಕೆ ಹೂವಿಡುತ್ತಾಳೆ. ನಿನ್ನೆ ಈ ಪ್ರಬಂಧವನ್ನು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಅಜ್ಜಿ ಅಷ್ಟೆಲ್ಲಾ ಎಲ್ಲಿ ಮಾತಾಡಿದ್ರು? ಸೀಬೆಕಾಯಿ ಸುದ್ದೀನೇ ಎತ್ತಲಿಲ್ಲ" ಎಂದಳು.

ಎತ್ತಿರಲಿಲ್ಲ, ನಿಜ. ಅದು ಕೊಸರು. ತಾತನ ಮೊಮ್ಮಗ ನಾನು, ಕೇಳುವ ಮುಂಚೆಯೇ ಹಾಕಿಬಿಟ್ಟೆ.