ಮಾಮ್ ಹೆಗಲಿನ ತೇಗು

ನಮ್ಮ ಮಾಮ್ ಹೇಳುವುದನ್ನು ನಂಬುವುದಾದರೆ ಈ ಪ್ರಪಂಚದಲ್ಲಿ ಇರುವುದು ಒಂದೇ ಕಾಯಿಲೆ. ಅದು ಗ್ಯಾಸ್! ತಲೆ ನೋವೇ? ಗ್ಯಾಸ್ ಮೇಲೆ ಹತ್ತಿದೆ. ಮೊಣಕಾಲು ನೋವೇ? ಗ್ಯಾಸ್ ಕೆಳಗೆ ಇಳಿದಿದೆ. ಗಂಡ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಜಗಳ ಆಡಿದರೆ, ಹಿಂದಿನ ದಿನ ಕಡ್ಲೆ ಗಸಿ ತಿಂದಿರಬೇಕು. ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದಾಗ ಎಲ್ಲರೂ ಮೊಬೈಲಿಗೆ ಬೈದರು. ಮಾಮ್ ಮಾತ್ರ ಅವನ ತಾಯಿಯನ್ನು ಕರೆದು, ಪರೀಕ್ಷೆಗೆ ಹೋಗುವಾಗ ಏನು ತಿನ್ನಿಸಿ ಕಳಿಸಿದ್ದಿರಿ ಎಂದು ವಿಚಾರಿಸಿದರು. ಚಪಾತಿ, ಹೂಕೋಸಿನ ಪಲ್ಯ ಎಂದು ಗೊತ್ತಾದ ಮೇಲೆ ಹುಡುಗನ ಬೆನ್ನು ತಟ್ಟಿ, ತಪ್ಪು ನಿನ್ನದಲ್ಲ ಎಂದು ಬಿಟ್ಟುಬಿಟ್ಟರು!

ಮಾಮ್ ಎಂದರೆ ಕೊಂಕಣಿಯಲ್ಲಿ ಸೋದರಮಾವ. ಇವರು ನನ್ನ ಅತ್ತೆಯ ಕೊನೆಯ ತಮ್ಮ, ನನ್ನ ಗಂಡನಿಗೆ ಮಾಮ್. ಆದರೆ ನಾನೂ ಮಾಮ್ ಎನ್ನುತ್ತೇನೆ, ನನ್ನ ಮಗಳೂ ಮಾಮ್ ಎನ್ನುತ್ತಾಳೆ, ಮೀನು ತರುವ ಹೆಂಗಸೂ ಮಾಮ್ ಎಂದೇ ಕರೆಯುತ್ತಾಳೆ. ಮದುವೆ ಆಗಲಿಲ್ಲ. ಯಾವುದೋ ಕ್ರಿಸ್ಮಸಿಗೆ ದೇರೆಬೈಲಿನ ಅಕ್ಕನ ಮನೆಗೆ ಊಟಕ್ಕೆ ಬಂದವರು, ಊಟ ಜೀರ್ಣ ಆಗಲಿ ಎಂದು ಕುಳಿತರಂತೆ. ಇನ್ನೂ ಎದ್ದಿಲ್ಲ. ಈಗ ಎಂಬತ್ತು ದಾಟಿದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಮೊನ್ನೆ ಮೊನ್ನೆ ಅಜ್ಜಿಯಾಗಿದ್ದೇನೆ ನೋಡಿ, ಸಂತೋಷ ಒಳಗೆ ಉಬ್ಬಿಕೊಂಡು ಕೂತಿದೆ. ಹೊರಗೆ ಬಿಡದಿದ್ದರೆ ಅದೂ ಗ್ಯಾಸ್ ಆಗುತ್ತದೆ ಎಂದು ಮಾಮ್ ಹೆದರಿಸಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ!

ಮಾಮ್ ಪ್ರಾಯದಲ್ಲಿ ಗುಮಟ್ ಬಾರಿಸುತ್ತಿದ್ದರು. ಗುಮಟ್ ಎಂದರೆ ಬಾಯಿಗೆ ಚರ್ಮ ಕಟ್ಟಿದ ಮಣ್ಣಿನ ಮಡಕೆ, ನಮ್ಮವರ ಮದುವೆ ಹಬ್ಬಗಳಲ್ಲಿ ಹಾಡಿನ ಜೊತೆಗೆ ಬಾರಿಸುವುದು. ಎಲ್ಲಿಯ ಗುಮಟ್, ಎಲ್ಲಿಯ ಗ್ಯಾಸ್ ಎನ್ನುತ್ತೀರಾ? ಅವರ ಪ್ರಕಾರ ಎರಡೂ ಒಂದೇ. ಹೊಟ್ಟೆಯೂ ಮಡಕೆ, ಮೇಲಿರುವುದೂ ಚರ್ಮ. ಎರಡು ಬೆರಳಿಂದ ತಟ್ಟಿದಾಗ ‘ದುಂ’ ಎಂದರೆ ಒಳಗೆ ಗಾಳಿ, ‘ಟಪ್’ ಎಂದರೆ ಒಳಗೆ ಊಟ. ಮನೆಗೆ ಬಂದ ಯಾವ ಗಂಡಸಿಗೂ ಹೊಟ್ಟೆ ತಟ್ಟಿಸಿಕೊಳ್ಳದೆ ಕುಡಿಯಲು ನೀರು ಸಿಕ್ಕಿದ್ದಿಲ್ಲ. ಮನೆ ಮಂತ್ರಿಸಲು ಬಂದ ಹೊಸ ಪಾದ್ರಿಗಳನ್ನೂ ಬಿಡಲಿಲ್ಲ. ಅವರ ಹೊಟ್ಟೆ ‘ದುಂ’ ಎಂದಿತಂತೆ. ಪಾಪ, ಅವರು ಆಶೀರ್ವಾದ ಕೊಟ್ಟು ಜೀರಿಗೆ ನೀರು ಕುಡಿದು ಹೋದರು!

ಹೆಂಗಸರ ಹೊಟ್ಟೆ ತಟ್ಟುವುದು ಮರ್ಯಾದೆಯಲ್ಲ ಎನ್ನುವುದು ಮಾಮ್‌ಗೆ ಗೊತ್ತಿತ್ತು. ಅದಕ್ಕೆ ಬೇರೆ ಏರ್ಪಾಡು. ನಾನು ಮದುವೆಯಾಗಿ ಬಂದ ಹೊಸತು. ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಬಿಗಿದುಕೊಂಡು ಕೂರಲಿಕ್ಕೂ ಆಗದು, ನಿಲ್ಲಲಿಕ್ಕೂ ಆಗದು. ಹೊಸ ಮದುಮಗಳು ಯಾರ ಹತ್ತಿರ ಹೇಳುವುದು? ಬಾಗಿಲಿನ ಹಿಂದೆ ಬೆವರುತ್ತಾ ನಿಂತಿದ್ದೆ. ಮಾಮ್ ಕಂಡರು. ನನ್ನನ್ನು ಕರೆದು ಚಾವಡಿಯ ನಡುವೆ ಕುರ್ಚಿಯಲ್ಲಿ ಕೂರಿಸಿದರು. ತಾವು ಗೋಡೆಯ ಹತ್ತಿರ ಹೋಗಿ ನಿಂತು, ಎಲ್ಲರಿಗೂ ಸುಮ್ಮನಿರಲು ಕೈಸನ್ನೆ ಮಾಡಿದರು.

“ನೀನೇ ಬಾರಿಸು ಬಾಯೆ. ನಾನು ಇಲ್ಲಿಂದ ಕೇಳ್ತೇನೆ.”

ಹೊಸ ಸೀರೆಯ ಮೇಲಿಂದ ನನ್ನ ಹೊಟ್ಟೆಯನ್ನು ನಾನೇ ಬಾರಿಸಿಕೊಂಡೆ. ಅತ್ತೆ, ಮಾವ, ನಾದಿನಿಯರು, ನನ್ನನ್ನು ಕಟ್ಟಿಕೊಂಡ ಮಹಾರಾಯರು, ಎಲ್ಲರೂ ಉಸಿರು ಹಿಡಿದು ಕೇಳಿದರು. ಇಷ್ಟು ಜನ ಶ್ರೋತೃಗಳು ನನಗೆ ಮತ್ತೆ ಯಾವತ್ತೂ ಸಿಕ್ಕಿಲ್ಲ ಬಿಡಿ!

“ಗಬಗಬ ತಿಂದಿದ್ದಿ ನೀನು,” ಎಂದರು ಮಾಮ್. “ಅನ್ನದ ಒಟ್ಟಿಗೆ ಗಾಳಿಯನ್ನೂ ನುಂಗಿದ್ದಿ. ಈ ಮನೆಯಲ್ಲಿ ನಿನ್ನ ಬಟ್ಟಲಿಂದ ಯಾರೂ ಕಿತ್ಕೊಳ್ಳುದಿಲ್ಲ. ನಿಧಾನ ತಿನ್ನು.”

ನನ್ನ ತವರಲ್ಲಿ ಮಕ್ಕಳು ಜಾಸ್ತಿ, ಮೀನಿನ ತುಂಡು ಕಡಿಮೆ. ಬೇಗ ತಿಂದವರಿಗೆ ಇನ್ನೊಂದು ತುಂಡು. ಅದು ಇವರಿಗೆ ಹೇಗೆ ಗೊತ್ತಾಯಿತೋ! ಅಲ್ಲಿಯವರೆಗೆ ನನಗೆ ನಿಧಾನ ತಿನ್ನು ಎಂದು ಹೇಳಿದವರು ಯಾರೂ ಇರಲಿಲ್ಲ. ಶುಂಠಿ ಜಜ್ಜಿ ಹಾಕಿದ ಬಿಸಿನೀರು ಕುಡಿಸಿ, ಅಂಗಳದಲ್ಲಿ ತೆಂಗಿನ ಮರಗಳ ಸುತ್ತ ನಡೆಸಿದರು. ಸಂಜೆಯೊಳಗೆ ಹೊಟ್ಟೆ ಹಗುರವಾಯಿತು, ಜೊತೆಗೆ ಗಂಡನ ಮನೆಯ ಹೆದರಿಕೆಯೂ ಹೋಯಿತು.

ಆದರೆ ಹೊರಗಿನವರಿಗೆ ಈ ಔಷಧ ಸ್ವಲ್ಪ ಕಹಿ. ಉರ್ವ ಮಾರ್ಕೆಟಿನ ಹತ್ತಿರ ಒಬ್ಬ ಬ್ಯಾರಿ ಸಾಹೇಬರ ಅಂಗಡಿ ಇತ್ತು, ನಿಂಬೆ ಸೋಡಕ್ಕೆ ಹೆಸರುವಾಸಿ. ಮದುವೆ ಊಟ ಹೊಡೆದು ಬಂದವರೆಲ್ಲ ಅಲ್ಲಿ ಸೋಡ ಕುಡಿದು, ಡರ್ರೆಂದು ತೇಗಿ, ಗ್ಯಾಸ್ ಹೋಯಿತು ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಮಾಮ್‌ಗೆ ಇದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ಅಂಗಡಿಯ ಎದುರಿಗೇ ನಿಂತು ಪ್ರತಿಯೊಬ್ಬರಿಗೂ ಪಾಠ.

“ಅದು ನೀನು ಈಗ ಕುಡಿದ ಗಾಳಿ ಮಾರಾಯ, ಬಂದ ದಾರಿಯಲ್ಲೇ ವಾಪಸ್ ಹೋಯ್ತು. ಒಳಗಿದ್ದದ್ದು ಒಳಗೇ ಉಂಟು.”

ಸಾಹೇಬರು ಕೊನೆಗೆ ಎದ್ದು ಬಂದು ಇವರ ಕೈ ಹಿಡಿದರಂತೆ. “ಮಾಮ್, ನೀವು ಊರವರ ಹೊಟ್ಟೆ ನೋಡ್ತೀರಿ, ಸರಿ. ನನ್ನ ಹೊಟ್ಟೆಪಾಡೂ ಸ್ವಲ್ಪ ನೋಡಿ.” ಆ ಮೇಲೆ ಒಂದು ರಾಜಿ ಆಯಿತು. ಸಾಹೇಬರು ಸೋಡದ ಜೊತೆಗೆ ಓಮ ಹಾಕಿದ ಮಜ್ಜಿಗೆಯನ್ನೂ ಇಟ್ಟರು, ಮಾಮ್ ಅಂಗಡಿಯ ಎದುರು ನಿಲ್ಲುವುದನ್ನು ಬಿಟ್ಟು ಒಳಗೆ ಕೂತರು. ಅಲ್ಲಿ ಕೂತು ತಿನ್ನುತ್ತಿದ್ದದ್ದು ಏನು ಗೊತ್ತೇ? ಎಣ್ಣೆಯಲ್ಲಿ ಕರಿದ ಮೈದಾದ ಗೋಲಿ ಬಜೆ! ಕೇಳಿದರೆ, ವೈರಿಯನ್ನು ಒಳಗೆ ಬಿಟ್ಟು ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತಿದ್ದರು.

ನಮ್ಮ ಅಡುಗೆ ಮನೆಯಲ್ಲೂ ಅವರದ್ದೇ ಕಾನೂನು. ಕಡ್ಲೆ ನೆನೆಹಾಕಿದ ನೀರನ್ನು ಚೆಲ್ಲದೆ ಬೇಯಿಸಿದರೆ ಅದು ಪಾಪ, ಪಾದ್ರಿಗಳ ಹತ್ತಿರ ಹೇಳಿಕೊಳ್ಳಬೇಕಾದ ಪಾಪ. ಹಲಸಿನ ಬೀಜದ ಪದಾರ್ಥಕ್ಕೆ ಬೆಳ್ಳುಳ್ಳಿ ಬೀಳಲೇಬೇಕು. ಊಟ ಮಾಡುತ್ತಾ ಮಾತಾಡಬಾರದು, ಊಟ ಆದ ಕೂಡಲೇ ಮಲಗಬಾರದು. ನಾವು ಎಲ್ಲದಕ್ಕೂ ನಗುತ್ತಿದ್ದೆವು. ನಗುತ್ತಾ ತಿಂದರೂ ಗಾಳಿ ಹೋಗುತ್ತದೆ ಎಂದು ಅದಕ್ಕೂ ಬೈಗುಳ!

ಎಲ್ಲವನ್ನೂ ಗ್ಯಾಸ್ ಎನ್ನುವ ಈ ಮನುಷ್ಯ ಒಂದೇ ಒಂದು ಸಲ ಹಾಗೆ ಹೇಳಲಿಲ್ಲ. ನನ್ನ ಗಂಡನಿಗೆ ಒಂದು ಬೆಳಿಗ್ಗೆ ಎದೆ ಹಿಡಿದಂತಾಗಿ ಬೆವರು ಬಂತು. ಗ್ಯಾಸ್ ಇರಬೇಕು, ಒಂದು ಲೋಟ ಜೀರಿಗೆ ನೀರು ಕೊಡು ಎಂದು ಗಂಡನೇ ಹೇಳಿದರು. ಅಷ್ಟು ವರ್ಷ ಕಲಿತ ಪಾಠ ಅಲ್ಲವೇ? ನಾನು ನೀರು ಕುದಿಯಲಿಟ್ಟೆ. ಮಾಮ್ ಬಂದು ಹೊಟ್ಟೆ ತಟ್ಟಿದರು. ಮುಖ ನೋಡಿದರು. ಇನ್ನೊಮ್ಮೆ ತಟ್ಟಲಿಲ್ಲ.

“ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ರಿಕ್ಷಾ ಕರಿ, ಆಸ್ಪತ್ರೆಗೆ.”

ಹಾರ್ಟಿನದ್ದೇ ಆಗಿತ್ತು. ಹೊತ್ತಿಗೆ ಸರಿಯಾಗಿ ತಲುಪಿದ್ದರಿಂದ ನನ್ನ ಗಂಡ ಇವತ್ತು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಆ ದಿನ ಆಸ್ಪತ್ರೆಯ ವರಾಂಡದಲ್ಲಿ ಮಾಮ್ ಯಾರ ಹೊಟ್ಟೆಯನ್ನೂ ತಟ್ಟಲಿಲ್ಲ.

ಈಗ ಕೆಲವು ವರ್ಷಗಳಿಂದ ಅವರಿಗೆ ಕಿವಿ ಕೇಳುವುದಿಲ್ಲ. ಗುಮಟಿನವರಿಗೆ ಕಿವಿ ಹೋದರೆ ಏನು ಉಳಿಯಿತು ಎನ್ನುತ್ತೀರಾ? ಬೆರಳಿಗೆ ಕೇಳುತ್ತದೆ ಎನ್ನುತ್ತಾರೆ. ನನ್ನ ಮಗಳು ಲವೀನಾ ಕುವೈಟಿನಲ್ಲಿ ನರ್ಸ್. ಕಿವಿಗೆ ಇಡುವ ಮೆಷಿನ್ ತಂದುಕೊಟ್ಟಳು. ಅದು ಯಾವಾಗಲೂ ಅಂಗಿಯ ಜೇಬಿನಲ್ಲೇ. ಕಿವಿಗೆ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ, ಹಾಕಿದರೆ ನಿಮ್ಮ ಮಾತೆಲ್ಲ ಕೇಳುತ್ತದೆ ಎಂದು ಉತ್ತರ!

ಇದರಿಂದ ಒಂದು ತೊಂದರೆ ಆಗಿದೆ. ತನಗೆ ಕೇಳದ್ದು ಬೇರೆಯವರಿಗೂ ಕೇಳುವುದಿಲ್ಲ ಎಂದು ಮಾಮ್ ನಂಬಿದ್ದಾರೆ. ಒಂದು ಆದಿತ್ಯವಾರ ಇಗರ್ಜಿಯಲ್ಲಿ ಎಲ್ಲರೂ ಮೊಣಕಾಲೂರಿ ಮೌನವಾಗಿದ್ದಾಗ ನಮ್ಮ ಬೆಂಚಿನಿಂದ ಒಂದು ದೊಡ್ಡ ಸದ್ದು ಹೊರಟಿತು. ಮುಂದಿನವರೆಲ್ಲ ತಿರುಗಿ ನೋಡಿದರು. ಇವರೆಲ್ಲ ಏನು ನೋಡುತ್ತಿದ್ದಾರೆ ಎಂದು ಮಾಮ್ ಕೂಡ ತಿರುಗಿ ಹಿಂದೆ ನೋಡಿದರು. ಹಿಂದಿನ ಬೆಂಚಿನಲ್ಲಿದ್ದ ಬ್ಯಾಂಕಿನ ಮ್ಯಾನೇಜರು ಏನೂ ಮಾಡದೆಯೇ ಕೆಂಪಾಗಿ, ತಲೆ ತಗ್ಗಿಸಿದರು. ಪೂಜೆ ಮುಗಿದ ಮೇಲೆ ಮಾಮ್ ಅವರ ಹತ್ತಿರ ಹೋಗಿ ಕನಿಕರದಿಂದ ಜೀರಿಗೆ ನೀರಿನ ಕ್ರಮ ಹೇಳಿಕೊಟ್ಟರು!

ಇಷ್ಟೆಲ್ಲ ಹೇಳಿದೆ, ಮುಖ್ಯವಾದದ್ದನ್ನು ಬಿಟ್ಟೆ. ಮಾಮ್ ಎಡ ಹೆಗಲು.

ಈ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ತೇಗಿದ್ದು ಆ ಹೆಗಲಿನ ಮೇಲೆ. ಹಾಲು ಕುಡಿದಾದ ಮೇಲೆ ಮಗುವನ್ನು ಅವರ ಕೈಗೆ ಕೊಟ್ಟರೆ ಸಾಕು. ಹೆಗಲಿಗೆ ಟವೆಲು ಹಾಕಿ, ಮಗುವನ್ನು ಒರಗಿಸಿ, ಬೆನ್ನಿನ ಮೇಲೆ ಬೆರಳಿನ ತುದಿಯಿಂದ ಗುಮಟ್ ಬಾರಿಸುತ್ತಾ ಅಂಗಳದಲ್ಲಿ ನಡೆಯುತ್ತಿದ್ದರು. ಲವೀನಾ ಸಣ್ಣವಳಿದ್ದಾಗ ನಾನು ಅಡುಗೆ ಮನೆಯಿಂದ ಅವಳ ತೇಗನ್ನು ಸರಿಯಾಗಿ ಕೇಳಿ, ಕೈ ಒರೆಸಿಕೊಂಡು ಮಗುವನ್ನು ತರಲು ಹೋಗುತ್ತಿದ್ದೆ. ಮಾಮ್ ಕೊಡುತ್ತಿರಲಿಲ್ಲ. “ಇನ್ನೂ ಬರ್ಲಿಲ್ಲ,” ಎಂದು ತಿರುಗಿ ಇನ್ನೊಂದು ಸುತ್ತು ಹೋಗುತ್ತಿದ್ದರು. ಆಗ ಅವರ ಕಿವಿ ಚೆನ್ನಾಗಿಯೇ ಇತ್ತು! ಸ್ವಂತ ಮಕ್ಕಳಿಲ್ಲದ ಮನುಷ್ಯ. ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡಿ ಮತ್ತೆ ಅಡುಗೆಗೆ ತಿರುಗುತ್ತಿದ್ದೆವು.

ಬಹಳ ವರ್ಷ ಕಾದ ಮೇಲೆ ಈಗ ಲವೀನಾಳಿಗೆ ಮಗು ಆಗಿದೆ. ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಗಂಡು ಮಗು, ಕೈಯಲ್ಲಿ ಹಿಡಿದರೆ ಬೆಣ್ಣೆ ಮುದ್ದೆ, ಅಯ್ಯೋ ಅದರ ಕಿವಿಗಳನ್ನು ನೀವು ನೋಡಬೇಕು! ಆದರೆ ದಿನಾ ಸಂಜೆ ನಾವು ತೇರ್ಸ್ ಎಂಬ ಸಂಜೆಯ ಪ್ರಾರ್ಥನೆಗೆ ಜಪಮಾಲೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಕಾಲನ್ನು ಹೊಟ್ಟೆಗೆ ಮಡಚಿ, ಮುಖ ಕೆಂಪು ಮಾಡಿ ಒಂದೇ ಅಳು. ಡಾಕ್ಟರು ನೋಡಿ, ಗ್ಯಾಸ್ ಅಷ್ಟೇ, ಬೆಳೆಯುತ್ತಾ ಹೋಗುತ್ತದೆ ಎಂದರು. ಗ್ಯಾಸ್ ಎಂದು ದೊಡ್ಡ ಡಾಕ್ಟರೇ ಹೇಳಿದ್ದನ್ನು ಕಿವಿಯಲ್ಲಿ ಕೂಗಿ ತಿಳಿಸಿದಾಗ ಮಾಮ್ ಮುಖ ನೋಡಬೇಕಿತ್ತು. ಹಬ್ಬ!

ಆ ಹಬ್ಬ ಆ ದಿನಕ್ಕೇ ಮುಗಿಯಿತು. ಮಗಳು ನರ್ಸ್ ಅಲ್ಲವೇ? ಮಗುವಿಗೆ ಓಮದ ನೀರು ಬೇಡ, ಜೇನು ಬೇಡ, ಎದೆ ಹಾಲು ಬಿಟ್ಟು ಬೇರೆ ಒಂದು ಹನಿಯೂ ಬೇಡ ಎಂದಳು. ಹೊಟ್ಟೆ ತಟ್ಟುವುದಂತೂ ಬೇಡವೇ ಬೇಡ. ಅವಳು ಹೇಳಿದ್ದು ಸರಿಯೇ. ಮತ್ತೆ ಮೆಲ್ಲನೆ ನನ್ನ ಹತ್ತಿರ, ಮಾಮ್‌ಗೆ ಈಗ ಕೈ ನಡುಗುತ್ತದೆ, ಅಂಗಿಯೆಲ್ಲ ನಸ್ಯದ ವಾಸನೆ, ಹೇಗೆ ಕೊಡಲಿ ಮಮ್ಮಿ ಎಂದಳು. ಮೆಲ್ಲನೆ ಹೇಳಿದ್ದು ಕಿವಿ ಕೇಳದವರಿಗೆ ಹೇಗೆ ತಿಳಿಯಿತೋ! ಮರುದಿನ ನಸ್ಯದ ಡಬ್ಬಿ ತೆಂಗಿನ ಬುಡದಲ್ಲಿ ಖಾಲಿ ಬಿದ್ದಿತ್ತು.

ಅಂದಿನಿಂದ ಪ್ರತಿ ಸಂಜೆ ಮಾಮ್ ಸ್ನಾನ ಮಾಡಿ, ಒಗೆದ ಬಿಳಿ ಅಂಗಿ ಹಾಕಿ, ಎಡ ಹೆಗಲಿಗೆ ಟವೆಲು ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂರತೊಡಗಿದರು. ಮಗುವನ್ನು ಕೊಡು ಎಂದು ಬಾಯಿಬಿಟ್ಟು ಕೇಳಲಿಲ್ಲ. ಒಳಗೆ ಮಗು ಅತ್ತರೆ ಕೇಳಿಸುತ್ತಲೂ ಇರಲಿಲ್ಲ. ನಮ್ಮ ಓಡಾಟ ನೋಡಿ ತಿಳಿದುಕೊಳ್ಳುತ್ತಿದ್ದರು. ಕತ್ತಲಾದ ಮೇಲೆ ಟವೆಲು ಮಡಚಿಟ್ಟು ಗಂಜಿ ಊಟಕ್ಕೆ ಬರುತ್ತಿದ್ದರು. ಮಗಳಿಗೆ ಹೇಳಲೇ? ಮಗು ಅವಳದ್ದು.

ಗುರುವಾರ ಹರಕೆಯ ಮೇಣದ ಬತ್ತಿ ಹಚ್ಚಲು ಬಿಕರ್ನಕಟ್ಟೆಯ ಬಾಲ ಯೇಸುವಿನ ಹತ್ತಿರ ಹೋದೆವು. ಮಾಮ್ ತುಂಬಾ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಏನು ಬೇಡಿಕೊಂಡಿರಿ ಎಂದು ಮಗಳೇ ಅವರ ಕಿವಿಯ ಹತ್ತಿರ ಕೇಳಿದಳು.

“ಎಂತ ಬೇಡುದು? ಬಾಲ ಯೇಸುವೂ ಒಂದು ಕಾಲಕ್ಕೆ ಹಾಲು ಕುಡಿದ ಮಗುವೇ ಅಲ್ವಾ? ಅವನಿಗೆ ಗೊತ್ತುಂಟು. ಈ ಸಣ್ಣದರ ಹೊಟ್ಟೆ ನೋವು ಬೇಕಾದ್ರೆ ನನಗೆ ಕೊಡು ಅಂದೆ. ನನಗೆ ಅಭ್ಯಾಸ ಉಂಟು.”

ಮಗಳು ಮನೆ ತಲುಪುವವರೆಗೂ ಕಾರಿನ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಅದೇ ಸಂಜೆ ಮಗು ಅಳಲು ಶುರುಮಾಡಿತು. ಲವೀನಾ ಅದರ ಕಾಲನ್ನು ಸೈಕಲ್ ತುಳಿಸಿದಂತೆ ಆಡಿಸಿದಳು, ಹಾಲು ಕುಡಿಸಿದಳು, ಎತ್ತಿಕೊಂಡು ನಡೆದಳು. ನಿಲ್ಲಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡು ಜಗಲಿಗೇ ಬಂದು ಮಾಮ್ ಎದುರು ನಿಂತಳು. ಕೈ ತೊಳೆದಿದ್ದೀರಾ ಎಂದು ಅವಳು ಕೇಳುವ ಮೊದಲೇ ಅವರು ಎರಡೂ ಅಂಗೈ ಬಿಚ್ಚಿ ತೋರಿಸಿದರು, ಶಾಲೆಯ ಮಕ್ಕಳು ಟೀಚರಿಗೆ ತೋರಿಸುವ ಹಾಗೆ. ಇನ್ನೂ ಒದ್ದೆ ಇತ್ತು.

ಕುರ್ಚಿಯಿಂದ ಏಳಬೇಡಿ ಎಂದು ಕೈಸನ್ನೆ ಮಾಡಿ ಅವಳು ಮಗುವನ್ನು ಟವೆಲಿನ ಮೇಲೆ ಒರಗಿಸಿ, ಪಕ್ಕದಲ್ಲೇ ಕೈ ಒಡ್ಡಿಕೊಂಡು ಕೂತಳು. ಮಾಮ್ ಬೆರಳುಗಳು ಮಗುವಿನ ಬೆನ್ನ ಮೇಲೆ ಇಳಿದವು. ದಿನವಿಡೀ ನಡುಗುವ ಆ ಬೆರಳುಗಳು, ಗುಮಟಿನ ತಾಳ ಹಿಡಿದದ್ದೇ ನಡುಗುವುದನ್ನು ಮರೆತವು. ಸ್ವಲ್ಪ ಹೊತ್ತಿಗೆ ಬಂತು ನೋಡಿ ಒಂದು ತೇಗು! ಮದುವೆಯ ಊಟ ಮುಗಿಸಿದ ದೊಡ್ಡ ಗಂಡಸಿನ ತೇಗು! ನನ್ನ ಗಂಡ ಪೇಪರ್ ಕೆಳಗಿಟ್ಟರು. ಮಗುವಿನ ಅಳು ನಿಂತಿತು.

ಮಾಮ್‌ಗೆ ಅದು ಕೇಳಲಿಲ್ಲ. ಮೆಷಿನ್ ಜೇಬಿನಲ್ಲೇ ಇತ್ತು.

“ಬಂತಾ?” ಎಂದು ಕೇಳಿದರು.

ಬಂತು ಎನ್ನಲು ನಾನು ಬಾಯಿ ತೆರೆದಿದ್ದೆ. ಲವೀನಾ ನನ್ನ ಕೈ ಒತ್ತಿದಳು. ಮಾಮ್ ಕಿವಿಗೆ ಬಾಯಿ ಇಟ್ಟು ಗಟ್ಟಿಯಾಗಿ ಹೇಳಿದಳು.

“ಇಲ್ಲ ಮಾಮ್. ಇನ್ನೂ ಬರ್ಲಿಲ್ಲ. ಸ್ವಲ್ಪ ಹಿಡ್ಕೊಳ್ಳಿ.”

“ಹಿಡ್ಕೊಳ್ತೇನೆ. ನೀನೂ ಹೀಗೇ ತಡ ಮಾಡ್ತಿದ್ದಿ.”

ಮಗುವಿನ ಬಾಯಿಂದ ಹಾಲು ಇಳಿದು ಟವೆಲು ದಾಟಿ ಅವರ ಬಿಳಿ ಅಂಗಿಯನ್ನು ಒದ್ದೆ ಮಾಡಿತ್ತು. ಬೆಚ್ಚಗೆ ಹೆಗಲಿಗೆ ಇಳಿದದ್ದು, ಅಷ್ಟು ಮಕ್ಕಳನ್ನು ತೇಗಿಸಿದ ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ? ಮಾಮ್ ಹೆಗಲನ್ನು ನೋಡಲಿಲ್ಲ. ಮಗು ನಿದ್ದೆ ಹೋಗಿತ್ತು. ಬೆರಳು ಬಾರಿಸುತ್ತಲೇ ಇತ್ತು.